ಮಂಡಕಳ್ಳಿಯಿಂದ ಮುರುಡೇಶ್ವರಕ್ಕೆ: ಕರಾವಳಿಯ ನಿರ್ಬಂಧಿತ ವಾಯುಪ್ರದೇಶ ತಪ್ಪಿಸಿ ಹಾರಾಟ ಯೋಜಿಸುವ ಬಗೆ

ಖಾಸಗಿ ಪೈಲಟ್ ಪರವಾನಗಿಗೆ ಓದುವವರು ನ್ಯಾವಿಗೇಷನ್, ಏರ್ ರೆಗ್ಯುಲೇಷನ್, ಹವಾಮಾನ ಮೂರನ್ನೂ ಬೇರೆ ಬೇರೆಯಾಗಿ ಓದುತ್ತಾರೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಕಡಲತೀರ ನೋಡಿಬರುವ ಹಾರಾಟವೊಂದನ್ನು ಕಾಗದದ ಮೇಲೆ ಯೋಜಿಸಿ ನೋಡಿದರೆ ಮೂರೂ ಒಟ್ಟಿಗೆ ಎದುರಾಗುತ್ತವೆ. ಇಲ್ಲಿ ತೆಗೆದುಕೊಂಡಿರುವ ವಿಮಾನ ಸೆಸ್ನಾ 172ಎಸ್, ಹಗಲಿನ ವಿಎಫ್‌ಆರ್ ಹಾರಾಟ, ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನು ನೆಚ್ಚಿ ಹಾರುವುದು. ಮೈಲಿ ಎಂದಲ್ಲೆಲ್ಲ ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಅಂಕಿಗಳು ಅಭ್ಯಾಸಕ್ಕೆ ಮಾತ್ರ. ಹಾರುವ ದಿನ ಆ ದಿನದ ಚಾರ್ಟ್, ಗಾಳಿ, ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಹಿಡಿದು ಮತ್ತೆ ಲೆಕ್ಕ ಹಾಕಬೇಕು.

ಮೊದಲು ಗಡಿ, ಆಮೇಲೆ ದಾರಿ

ಹೊಸಬರು ನೋಡಬೇಕಾದ ಜಾಗಗಳನ್ನು ಗೆರೆಯಿಂದ ಜೋಡಿಸಿ, ಕೊನೆಗೆ ಚಾರ್ಟಿನಲ್ಲಿ ಕೆಂಪು ಗೆರೆ ಹಾಕಿದ ನಿರ್ಬಂಧದ ಪ್ರದೇಶ ಅಡ್ಡ ಬಂದಾಗ ಗೆರೆಯನ್ನು ಸ್ವಲ್ಪ ಬಗ್ಗಿಸುತ್ತಾರೆ. ಹೀಗೆ ಬಗ್ಗಿಸಿದ ದಾರಿ ಯಾವಾಗಲೂ ಗಡಿಗೆ ತಾಗಿಕೊಂಡೇ ಇರುತ್ತದೆ. ಹೋಗಬಾರದ ಜಾಗವನ್ನೆಲ್ಲ ಮೊದಲು ಅಳಿಸಿ, ಉಳಿದದ್ದರಲ್ಲಿ ಏನು ನೋಡಬಹುದು ಎಂದು ಕೇಳುವುದು ಸರಿಯಾದ ಕ್ರಮ.

ಇಂಥ ಜಾಗಗಳ ಪಟ್ಟಿ ಇರುವುದು ಭಾರತದ ಎಐಪಿಯ (ವಾಯುಯಾನ ಮಾಹಿತಿಯ ಅಧಿಕೃತ ಪ್ರಕಟಣೆ) ಇಎನ್‌ಆರ್ 5.1 ಭಾಗದಲ್ಲಿ. ನಿಷೇಧಿತ ಪ್ರದೇಶಕ್ಕೆ ಪಿ, ನಿರ್ಬಂಧಿತಕ್ಕೆ ಆರ್, ಅಪಾಯ ಪ್ರದೇಶಕ್ಕೆ ಡಿ. ಪಿ ಎಂದರೆ ಒಳಗೆ ಪ್ರವೇಶವಿಲ್ಲ. ಆರ್ ಎಂದರೆ ಷರತ್ತಿನ ಮೇಲೆ, ಅನುಮತಿ ಪಡೆದು. ಡಿ ಎಂದರೆ ಹೇಳಿದ ಹೊತ್ತಿನಲ್ಲಿ ಒಳಗೆ ವಿಮಾನಕ್ಕೆ ಅಪಾಯ ತರುವ ಚಟುವಟಿಕೆ ನಡೆಯಬಹುದು. ಡಿ ಕಂಡು ‘ಇದು ಬರೀ ಎಚ್ಚರಿಕೆ’ ಎಂದುಕೊಳ್ಳುವುದು ಸಮುದ್ರದ ಕಡೆ ದುಬಾರಿಯಾಗುತ್ತದೆ, ಏಕೆಂದರೆ ಅಲ್ಲಿ ನಡೆಯುವುದು ಸಾಮಾನ್ಯವಾಗಿ ಗುಂಡಿನ ಅಭ್ಯಾಸ.

ನಮ್ಮ ಕರಾವಳಿಯಲ್ಲಿ ಕಣ್ಣಿಡಬೇಕಾದವು ಇವು. ಉತ್ತರದ ತುದಿಯಲ್ಲಿ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ, ಅದರ ಒಳನಾಡಿನಲ್ಲಿ ಕಾಳಿ ನದಿಯ ದಡದ ಕೈಗಾ ಅಣುವಿದ್ಯುತ್ ಸ್ಥಾವರ. ಇನ್ನೂ ಮೇಲೆ ಹೋದರೆ ಗೋವಾದ ದಾಬೋಲಿಂ, ಅದು ನೌಕಾಪಡೆಯ ಐಎನ್‌ಎಸ್ ಹಂಸ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದೆ. ದಕ್ಷಿಣದಲ್ಲಿ ಮಂಗಳೂರು ವಿಮಾನ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶ, ಪಣಂಬೂರು ಬಂದರು, ತೈಲ ಶುದ್ಧೀಕರಣ ಘಟಕ. ಪ್ರತಿಯೊಂದಕ್ಕೂ ಎಐಪಿಯಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂದು ಒಂದೊಂದಾಗಿ ಗುರುತು ಹಾಕಿ. ಪಟ್ಟಿಯಲ್ಲಿ ಇಲ್ಲದಿದ್ದರೂ ಬಂದರಿನ ಮೇಲೆ, ಶುದ್ಧೀಕರಣ ಘಟಕದ ಮೇಲೆ ಸುತ್ತು ಹೊಡೆಯುವ ಅಗತ್ಯ ಯಾವ ಪ್ರವಾಸಿಗೂ ಇಲ್ಲ.

ಇಷ್ಟನ್ನು ಅಳಿಸಿದ ಮೇಲೆ ಉಳಿಯುವ ಒಳ್ಳೆಯ ತುಂಡು ಮಂಗಳೂರಿನಿಂದ ಮುರುಡೇಶ್ವರದವರೆಗಿನದು, ಸುಮಾರು 72 ಮೈಲಿ. ಅಲ್ಲಿಂದ ಕಾರವಾರದ ನೆಲೆ ಇನ್ನೂ 45 ಮೈಲಿಯಷ್ಟು ದೂರ. ಗೋಕರ್ಣ ಕೈಗೆಟುಕುವಂತೆ ಕಂಡರೂ ಬಿಡುವುದೇ ಲೇಸು. ಸಿಗುವ ನೋಟಕ್ಕಿಂತ ಕೇಳಬೇಕಾದ ಅನುಮತಿಗಳು ಹೆಚ್ಚು.

ಪ್ರದೇಶದ ವಿವರ ಓದುವಾಗ ಎಡವುವ ಜಾಗಗಳು

ಒಂದು ಪ್ರದೇಶಕ್ಕೆ ಅಡ್ಡಗಲ, ತಳ, ಮೇಲ್ಮಿತಿ, ಸಮಯ ಎಂಬ ನಾಲ್ಕು ಮಿತಿಗಳಿರುತ್ತವೆ. ಚಾರ್ಟಿನ ಕೆಂಪು ಗೆರೆ ತೋರಿಸುವುದು ಮೊದಲನೆಯದನ್ನು ಮಾತ್ರ.

ಅಡ್ಡಗಲದಲ್ಲಿ ದೊಡ್ಡ ಗುಂಡಿ ನಿರ್ದೇಶಾಂಕದ ರೂಪ. ಎಐಪಿಯ 144830ಎನ್ ಎಂದರೆ 14 ಡಿಗ್ರಿ 48 ಮಿನಿಟು 30 ಸೆಕೆಂಡು. ದಶಾಂಶದಲ್ಲಿ ಅದು 14.8083. ಇದನ್ನೇ ಟ್ಯಾಬ್ಲೆಟ್ಟಿನಲ್ಲಿ 14.4830 ಎಂದು ಒತ್ತಿದರೆ ಬಿಂದು ದಕ್ಷಿಣಕ್ಕೆ 19.5 ಮೈಲಿ ಜಾರುತ್ತದೆ. ಅಕ್ಷಾಂಶದ ಒಂದು ಮಿನಿಟು ಒಂದು ಮೈಲಿ ಎಂಬುದು ನೆನಪಿದ್ದರೆ ಈ ತಪ್ಪು ಚಾರ್ಟಿನ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಪ್ರತಿ ಬಿಂದುವನ್ನೂ ಒಮ್ಮೆ ಕೈಯಿಂದ, ಸ್ಕೇಲು ಹಿಡಿದು ಗುರುತಿಸಿ. ವೃತ್ತಾಕಾರದ ಪ್ರದೇಶವಾದರೆ ಕೊಟ್ಟಿರುವುದು ತ್ರಿಜ್ಯವೇ, ಮೈಲಿಯಲ್ಲೋ ಕಿಲೋಮೀಟರಿನಲ್ಲೋ ಎಂದು ನೋಡಿ. 10 ಮೈಲಿ ಎಂದರೆ 18.5 ಕಿ.ಮೀ.

ಎತ್ತರದಲ್ಲಿ ಸಮುದ್ರಮಟ್ಟದಿಂದಲೋ, ನೆಲದಿಂದಲೋ, ಫ್ಲೈಟ್ ಲೆವೆಲೋ (ಪ್ರಮಾಣಿತ ಗಾಳಿಯೊತ್ತಡ ಹಿಡಿದು ಅಳೆದ ಎತ್ತರ) ಎಂಬ ಮೂರು ಅಳತೆ ಬೆರೆಯುತ್ತವೆ. ಕರಾವಳಿಯಲ್ಲಿ ಮೊದಲ ಎರಡು ಹೆಚ್ಚುಕಡಿಮೆ ಒಂದೇ. ಘಟ್ಟ ಹತ್ತಿದೊಡನೆ ಸಾವಿರಾರು ಅಡಿ ಬೇರೆಯಾಗುತ್ತವೆ.

ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ನಮ್ಮದು ಐದೂವರೆ ಗಂಟೆ ಮುಂದೆ. ನೋಟಮ್‌ನಲ್ಲಿ 0330ರಿಂದ 1230 ಎಂದಿದ್ದರೆ ಇಲ್ಲಿ ಬೆಳಗ್ಗೆ 9ರಿಂದ ಸಂಜೆ 6. ಹತ್ತು ಅಂಕಿಯ ಸಮಯದಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಈ ಕ್ರಮದಲ್ಲಿ ಬರುತ್ತವೆ. 12ನೇ ತಾರೀಖು 2330 ಎಂದರೆ ಇಲ್ಲಿ 13ರ ಬೆಳಗಿನ 5 ಗಂಟೆ. ತಾರೀಖಿನ ಈ ಜಿಗಿತವನ್ನು ಮರೆತು ‘ಅದು ನಿನ್ನೆಯದು’ ಎಂದು ನೋಟಮ್ ಪಕ್ಕಕ್ಕಿಡುವವರು ಕಡಿಮೆಯಿಲ್ಲ.

ನೋಟಮ್‌ನ ಕ್ಯೂ ಸಾಲು ಹುಡುಕಾಟಕ್ಕೆ ಕೊಟ್ಟ ಸ್ಥೂಲ ಸಾರಾಂಶ. ನಿಜವಾದ ಆಕಾರ ಇ ಭಾಗದಲ್ಲಿ, ಎತ್ತರಗಳು ಎಫ್ ಮತ್ತು ಜಿಯಲ್ಲಿ, ದಿನದ ವೇಳಾಪಟ್ಟಿ ಡಿಯಲ್ಲಿ. ಎಐಪಿ ಬದಲಾವಣೆಗಳು ಐರಾಕ್ ಎಂಬ 28 ದಿನದ ನಿಗದಿತ ಚಕ್ರದಲ್ಲಿ ಬರುವುದರಿಂದ ಆ್ಯಪ್‌ನ ದತ್ತಾಂಶ ಯಾವ ಚಕ್ರದ್ದು ಎಂದೂ ನೋಡಿ.

ಗಡಿಯಿಂದ ಎಷ್ಟು ದೂರ?

ಕನಿಷ್ಠ 5 ಮೈಲಿ ಎಂದಿಟ್ಟುಕೊಳ್ಳಿ. ಇದು ಕಾನೂನಿನ ಅಂಕಿಯಲ್ಲ, ಲೆಕ್ಕದಿಂದ ಬಂದದ್ದು. ದಿಕ್ಕಿನಲ್ಲಿ 5 ಡಿಗ್ರಿ ತಪ್ಪಿದರೆ 60 ಮೈಲಿಗೆ 5 ಮೈಲಿ ಪಕ್ಕಕ್ಕೆ ಸರಿಯುತ್ತೀರಿ. 15 ನಾಟ್ (ಗಂಟೆಗೆ 15 ಮೈಲಿ) ಅಡ್ಡಗಾಳಿಯನ್ನು 20 ನಿಮಿಷ ಗಮನಿಸದೆ ಬಿಟ್ಟರೂ ಅಷ್ಟೇ. ಈ ಅಂತರಕ್ಕೆ ಎರಡನೆಯ ಗೆರೆ ಎಳೆದು, ಅದನ್ನೇ ನಿಜವಾದ ಗಡಿ ಎಂದುಕೊಳ್ಳಿ.

ಘಟ್ಟ ದಾಟುವುದು

ಮೈಸೂರಿನಿಂದ ಮಂಗಳೂರಿಗೆ ನೇರ 112 ಮೈಲಿ, ನಿಜ ಉತ್ತರದಿಂದ ಸುಮಾರು 293 ಡಿಗ್ರಿ. ಹುಣಸೂರು ಎಡಕ್ಕೆ 4 ಮೈಲಿ, ಕುಶಾಲನಗರ ಮತ್ತು ಹಾರಂಗಿ ಜಲಾಶಯ ಎಡಕ್ಕೆ 3 ಮೈಲಿ ಆಸುಪಾಸು ಬರುತ್ತವೆ. ಆಮೇಲೆ ಗೆರೆ ಹೆಚ್ಚುಕಡಿಮೆ ಪುಷ್ಪಗಿರಿಯ ನೆತ್ತಿಯ ಮೇಲೇ ಹೋಗಿ ಸುಬ್ರಹ್ಮಣ್ಯಕ್ಕೆ ಇಳಿಯುತ್ತದೆ. ಬೆಟ್ಟದ ಎತ್ತರ 1,712 ಮೀಟರ್, ಅಂದರೆ 5,617 ಅಡಿ. ಪಶ್ಚಿಮಕ್ಕೆ ಹೋಗುವ ವಿಎಫ್‌ಆರ್ ವಿಮಾನಕ್ಕೆ ಸಮ ಸಾವಿರದ ಮೇಲೆ 500 ಅಡಿ. 6,500ರಲ್ಲಿ ಬೆಟ್ಟದ ಮೇಲೆ 900 ಅಡಿಯೂ ಉಳಿಯುವುದಿಲ್ಲ. ಗಾಳಿಯಿದ್ದರೆ ಶಿಖರದ ಮರೆಯಲ್ಲಿ ವಿಮಾನವನ್ನು ಕೆಳಕ್ಕೆಳೆಯುವ ಗಾಳಿಯ ಇಳಿಸೆಳೆತವಿರುತ್ತದೆ. ಆದ್ದರಿಂದ 8,500 ಅಡಿ. ವಾಪಸು ಪೂರ್ವಕ್ಕೆ ಬೆಸ ಸಾವಿರ, ಹಾಗಾಗಿ 7,500. ಪಶ್ಚಿಮದ ಗಾಳಿ ಬೀಸುವಾಗ ಇಳಿಸೆಳೆತ ಮೈಸೂರಿನ ಕಡೆಯ ಇಳಿಜಾರಿನಲ್ಲಿ, ಅಂದರೆ ಹೋಗುವಾಗ ಬೆಟ್ಟಕ್ಕೆ ಮುಂಚೆಯೇ ಸಿಗುತ್ತದೆ.

ಮಂಡಕಳ್ಳಿಯ ಎತ್ತರ ಸುಮಾರು 2,350 ಅಡಿ. ಅಲ್ಲಿ ಪ್ರಮಾಣಿತ ಉಷ್ಣಾಂಶ 10 ಡಿಗ್ರಿ. ಹೊರಗೆ 32 ಇದ್ದರೆ 22 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ) 5,000 ಅಡಿ ಮುಟ್ಟುತ್ತದೆ. ರನ್‌ವೇ ಸಾಕಾಗುತ್ತದೆ, ಆದರೆ ಏರುವಿಕೆ ಸೊರಗುತ್ತದೆ. ನಿಮಿಷಕ್ಕೆ ಸರಾಸರಿ 500 ಅಡಿ ಹಿಡಿದರೂ 8,500ಕ್ಕೆ 12–13 ನಿಮಿಷ. ಪುಷ್ಪಗಿರಿ 60 ಮೈಲಿ ಆಚೆ ಇರುವುದರಿಂದ ಚಿಂತೆಯಿಲ್ಲ.

ಬೆಟ್ಟದ ಮೇಲೆ ಮೋಡ ಕೂತಿದ್ದರೆ ಸಂದು ಹುಡುಕುತ್ತಾ ಒಳಗೆ ನುಗ್ಗಬೇಡಿ, ಕುಶಾಲನಗರದ ಬಳಿಯೇ ತಿರುಗಿ. ವಿಎಫ್‌ಆರ್‌ಗೆ 10,000 ಅಡಿಯ ಕೆಳಗೆ 5 ಕಿ.ಮೀ. ಗೋಚರತೆ, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ಅಂತರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹಾರಾಟದ ಮಾತೇ ಬೇಡ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಘಟ್ಟದ ಮೇಲೆ ಮೋಡ ಏಳುತ್ತದೆ, ಆದ್ದರಿಂದ ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಮರಳುವಂತೆ ಇಟ್ಟುಕೊಳ್ಳಿ. ಎರಡೂ ಕಡೆಯ ಎಟಿಸಿ (ವಾಯು ಸಂಚಾರ ನಿಯಂತ್ರಣ) ಕೆಲಸದ ಅವಧಿಯನ್ನೂ ನೋಡಿ.

ಸುಬ್ರಹ್ಮಣ್ಯದಿಂದ ಮುಂದೆ 46 ಮೈಲಿ ಇಳಿಯಲು ಬೇಕಾದಷ್ಟು ಆಯಿತು. ನೇತ್ರಾವತಿ–ಕುಮಾರಧಾರಾ ಸಂಗಮದ ಉಪ್ಪಿನಂಗಡಿ ಬಲಗಡೆ ಸ್ಪಷ್ಟ ಗುರುತು. ನಿಯಂತ್ರಿತ ವಾಯುಪ್ರದೇಶಕ್ಕೆ ಮುಂಚೆಯೇ ಮಂಗಳೂರನ್ನು ಕರೆದು, ಕ್ಲಿಯರೆನ್ಸ್ ಬರುವವರೆಗೆ ಹೊರಗೇ ಇರಿ.

ತೀರದುದ್ದಕ್ಕೂ

ಉತ್ತರಕ್ಕೆ ಹೋಗುವಾಗ ತೀರದ ಒಳಗೆ, ನೆಲದ ಮೇಲೇ ಹಾರಿದರೆ ಎಡ ಸೀಟಿನ ಪೈಲಟ್‌ಗೆ ತೀರರೇಖೆ ಕಾಣುತ್ತಿರುತ್ತದೆ, ದಾರಿ ತಪ್ಪುವುದಿಲ್ಲ. ಇಂಜಿನ್ ನಿಂತರೆ 172 ಸಾವಿರ ಅಡಿಗೆ ಸುಮಾರು ಒಂದೂವರೆ ಮೈಲಿ ತೇಲುತ್ತದೆ. 2,000 ಅಡಿಯಲ್ಲಿ 3 ಮೈಲಿ, ಅದೂ ಗಾಳಿಯಿಲ್ಲದೆ, ತಿರುವಿಲ್ಲದೆ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪ ಇದರ ಅಂಚಿನಲ್ಲಿದೆ. ನೇತ್ರಾಣಿ ತೀರದಿಂದ 10 ಮೈಲಿ, ಅದಕ್ಕೆ ಸುಮಾರು 7,000 ಅಡಿ ಎತ್ತರ ಬೇಕು, ಅಷ್ಟು ಮೇಲಿಂದ ನೋಡುವುದು ಏನೂ ಉಳಿಯುವುದಿಲ್ಲ. ಗುರಿ ಅಭ್ಯಾಸದ ಮಾತು ಬದಿಗಿಟ್ಟರೂ ಅದನ್ನು ಬಿಡಲು ಇಷ್ಟೇ ಸಾಕು. ತೇಲುದೂರದಾಚೆ ಹೋಗುವುದಾದರೆ ಲೈಫ್ ಜಾಕೆಟ್ ಮೈಮೇಲಿರಬೇಕು, ಹಿಂದಿನ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ.

ಇಂಧನ, ತೂಕ

ಹೋಗಿಬರುವ ಒಟ್ಟು ದೂರ 368 ಮೈಲಿ. ಸರಾಸರಿ 105 ನಾಟ್‌ಗೆ ಮೂರೂವರೆ ಗಂಟೆ, ಗಂಟೆಗೆ 34 ಲೀಟರಿನಂತೆ 119. ಟ್ಯಾಕ್ಸಿ ಮತ್ತು ಏರುವಿಕೆಗೆ 10, ಮೈಸೂರಿನ ಬದಲು ಬೆಂಗಳೂರಿನ ಕಡೆ ಹೋಗಬೇಕಾದರೆ 25, ಕೊನೆಯ 30 ನಿಮಿಷದ ಮೀಸಲು 17. ಒಟ್ಟು 171 ಲೀಟರ್. ಬಳಸಬಹುದಾದ ಇಂಧನ ಸುಮಾರು 200 ಲೀಟರ್. ಈ ವಿಮಾನಕ್ಕೆ ಬೇಕಾದ ಪೆಟ್ರೋಲು ಎವಿಗ್ಯಾಸ್ ಎಲ್ಲ ನಿಲ್ದಾಣದಲ್ಲೂ ಸಿಗುವುದಿಲ್ಲ. ಮುಂಚೆ ಖಚಿತಪಡಿಸಿಕೊಳ್ಳದೆ ಮಂಗಳೂರಿನಲ್ಲಿ ತುಂಬಿಸುತ್ತೇನೆಂದು ಹೊರಡಬೇಡಿ.

ಟ್ಯಾಂಕು ತುಂಬಿದರೆ ಇಂಧನವೇ 144 ಕೆ.ಜಿ. ಗರಿಷ್ಠ 1,157 ಕೆ.ಜಿ.ಯಲ್ಲಿ ಖಾಲಿ ವಿಮಾನದ 770 ಕೆ.ಜಿ. ಆಸುಪಾಸು ಕಳೆದರೆ ಜನ, ಸಾಮಾನಿಗೆ 240ರಷ್ಟು ಉಳಿಯುತ್ತದೆ. ನಾಲ್ಕು ಸೀಟಿದೆ ಎಂದು ನಾಲ್ಕು ದೊಡ್ಡವರನ್ನು ಕೂರಿಸುವ ಹಾಗಿಲ್ಲ.

ಕಾಗದಪತ್ರ

ಫ್ಲೈಟ್ ಪ್ಲಾನಿನಲ್ಲಿ ನಿಯಮಕ್ಕೆ ವಿ (ವಿಎಫ್‌ಆರ್), ಹಾರಾಟದ ಬಗೆಗೆ ಜಿ (ಜನರಲ್ ಏವಿಯೇಷನ್). ಹೆಸರಿಲ್ಲದ ಬಿಂದುವನ್ನು ಹನ್ನೊಂದು ಅಕ್ಷರದಲ್ಲಿ ಬರೆಯಬೇಕು. ಮುರುಡೇಶ್ವರ 1406ಎನ್07429ಇ ಆಗುತ್ತದೆ. ಪ್ಲಾನ್ ಸಲ್ಲಿಸಿದೊಡನೆ ಕೆಲಸ ಮುಗಿಯಲಿಲ್ಲ. ಹಾರಾಟ ಮಾಹಿತಿ ಕೇಂದ್ರ ಕೊಡುವ ಎಫ್‌ಐಸಿ ಸಂಖ್ಯೆ ಮತ್ತು ವಾಯುಪಡೆ ಕೊಡುವ ವಾಯುರಕ್ಷಣಾ ಅನುಮತಿಯಾದ ಎಡಿಸಿ ಸಂಖ್ಯೆ ಪಡೆದು ಬರೆದಿಟ್ಟುಕೊಳ್ಳಿ. ಹೊರಡುವುದು ತಡವಾದರೆ ಹಳೆಯ ಸಂಖ್ಯೆ ಇನ್ನೂ ನಡೆಯುತ್ತದೆಯೇ ಎಂದು ಕೇಳಿಯೇ ಇಂಜಿನ್ ಶುರು ಮಾಡಿ. ಖಾಸಗಿ ಪರವಾನಗಿಯ ಮೇಲೆ ಪ್ರಯಾಣಿಕರಿಂದ ಬಾಡಿಗೆ ಪಡೆಯುವಂತಿಲ್ಲ, ಸ್ಟೂಡೆಂಟ್ ಪೈಲಟ್ ಪ್ರಯಾಣಿಕರನ್ನು ಕರೆದೊಯ್ಯುವಂತೆಯೇ ಇಲ್ಲ.

ಗಡಿಯೊಳಗೆ ಬಂದೆನೇನೋ ಎಂಬ ಅನುಮಾನ ಬಂದರೆ ಬಂದ ದಿಕ್ಕಿಗೆ ತಿರುಗಿ, ಆ ಕೂಡಲೇ ಎಟಿಸಿಗೆ ಹೇಳಿ. ಸುಮ್ಮನಿದ್ದು ಜಾರಿಕೊಳ್ಳುವ ಯತ್ನ ರೇಡಾರಿನಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಸೇನಾ ವಿಮಾನ ಪಕ್ಕಕ್ಕೆ ಬಂದು ರೆಕ್ಕೆ ಅಲ್ಲಾಡಿಸಿದರೆ ನೀವೂ ಅಲ್ಲಾಡಿಸಿ ಹಿಂಬಾಲಿಸಿ, 121.5 ಮೆಗಾಹರ್ಟ್ಸ್‌ನಲ್ಲಿ ಮಾತಾಡಿ, ಎಟಿಸಿ ಬೇರೆ ಸಂಖ್ಯೆ ಹೇಳದಿದ್ದರೆ ರೇಡಾರಿಗೆ ವಿಮಾನದ ಗುರುತು ಕೊಡುವ ಟ್ರಾನ್ಸ್‌ಪಾಂಡರ್‌ನಲ್ಲಿ 7700 ಹಾಕಿ.

ಪ್ರಯಾಣಿಕರಿಗೆ ಬೆಲ್ಟು, ಬಾಗಿಲಿನ ಜೊತೆಗೆ ಕ್ಯಾಮೆರಾದ ವಿಷಯವನ್ನೂ ನೆಲದ ಮೇಲೇ ಹೇಳಿ. ವಿಮಾನದಿಂದ ಫೋಟೊ ತೆಗೆಯುವುದು ವಿಮಾನ ನಿಯಮಾವಳಿ 1937ರ 13ನೇ ನಿಯಮದ ವ್ಯಾಪ್ತಿಗೆ ಬರುತ್ತದೆ. ಅನುಮತಿಯ ಕಾಗದ ಕೈಯಲ್ಲಿಲ್ಲದಿದ್ದರೆ ಫೋನುಗಳು ಜೇಬಿನಲ್ಲೇ ಇರಲಿ.