ಪಾಪರ್ ಚೀಟಿ ಮೇಲೆ ಪಿಎಚ್‌ಡಿ ಮಾಡಲು ದುಡ್ಡು ಯಾರು ಕೊಡುತ್ತಾರೆ?

ಮತ್ತೆ ಅದೇ ಪ್ರಶ್ನೆ. "ಸರ್, ಎಲ್‌ಎಲ್‌ಎಂ ಮುಗೀತು. ದಿವಾಳಿ ಕಾನೂನಿನ ಮೇಲೆ ಸಂಶೋಧನೆ ಮಾಡೋ ಆಸೆ. ಸ್ಕಾಲರ್‌ಶಿಪ್ ಸಿಗುತ್ತಾ? ಟೋಪಿ ಹಾಕಿದವರ ಬಗ್ಗೆ ಓದೋದೇನಿದೆ ಅಂತ ಮನೇಲಿ ನಗ್ತಾರೆ."

ದುಡ್ಡಿನ ಉತ್ತರ ಚಿಕ್ಕದು. ದಿವಾಳಿ ಕಾನೂನಿಗೇ ಮೀಸಲಾದ ಸ್ಕಾಲರ್‌ಶಿಪ್ ಹುಡುಕುತ್ತಾ ಕೂರಬೇಡಿ. ಕಾನೂನು ವಿಷಯದಲ್ಲಿ ಯುಜಿಸಿಯ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳಿಗಿಷ್ಟು ಅಂತ ಕೊಡುವ ಫೆಲೋಶಿಪ್, ತಗೊಳ್ಳಿ, ಪಿಎಚ್‌ಡಿಗೆ ಈ ವಿಷಯ ಆರಿಸಿಕೊಳ್ಳಿ. ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಹರಿಯಾಣದ ಮಾನೇಸರ್‌ನಲ್ಲಿ 2019ರಲ್ಲಿ ಶುರುವಾದ, ದಿವಾಳಿ ಪ್ರಕರಣ ನಡೆಸುವ ವೃತ್ತಿಗೆ ತಯಾರು ಮಾಡುವ ಗ್ರಾಜುಯೇಟ್ ಇನ್‌ಸಾಲ್ವೆನ್ಸಿ ಪ್ರೋಗ್ರಾಂ ಬೇರೆ. ಅದು ಫೀಸು ಕಟ್ಟಿ ಓದುವ ಕೋರ್ಸು. ಎಷ್ಟು ಸಲ ಹೇಳಿದರೂ ಎರಡನ್ನೂ ಕಲಸುತ್ತೀರಿ.

ಇನ್ನು ಆ ಟೋಪಿ ಮಾತು. ಪಾಪರ್ ಚೀಟಿ ತಗೊಂಡವನು ಹೆಂಡತಿ ಹೆಸರಲ್ಲಿ ಸೈಟು ಮಾಡಿಟ್ಟಿರುತ್ತಾನೆ ಅಂತ ನಮ್ಮೂರ ಕಟ್ಟೆ ಮೇಲೆ ಎಲ್ಲರಿಗೂ ಗೊತ್ತು. ಯಾರೂ ಎಣಿಸಿ ನೋಡಿಲ್ಲ, ಅಷ್ಟೇ.

ಅಮೆರಿಕದಲ್ಲಿ ಎಣಿಸಿದರು. ಎಲಿಜಬೆತ್ ವಾರನ್ ಆಗಿನ್ನೂ ರಾಜಕಾರಣಿಯಲ್ಲ, ಕಾನೂನು ಮೇಷ್ಟ್ರು. ದಿವಾಳಿ ಅರ್ಜಿ ಹಾಕುವವರು ಮೋಸಗಾರರು ಅಂತ ತೋರಿಸಲೆಂದೇ ತಾನು ಹೊರಟಿದ್ದು ಎಂದು ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ತೆರೆಸಾ ಸಲಿವನ್, ಜೇ ವೆಸ್ಟ್‌ಬ್ರೂಕ್ ಎಂಬ ಇನ್ನಿಬ್ಬರು ಮೇಷ್ಟ್ರುಗಳ ಜೊತೆ ಸೇರಿ 1981ರ ಅರ್ಜಿಗಳನ್ನು ಕೆದಕಿದರು. ಈ ಕಡತಗಳಲ್ಲಿ ಮುಚ್ಚಿಡಲು ಜಾಗ ಕಮ್ಮಿ. ಯಾರಿಗೆ ಎಷ್ಟು ಬಾಕಿ, ಸಂಬಳ ಎಷ್ಟು, ಮನೆಯ ಸೋಫಾ, ಮೈಮೇಲಿನ ಬಟ್ಟೆ ಎಲ್ಲವನ್ನೂ ಪಟ್ಟಿ ಮಾಡಿ, ಸುಳ್ಳಾದರೆ ಶಿಕ್ಷೆ ಅಂತ ಒಪ್ಪಿ ಸಹಿ ಹಾಕಬೇಕು. ಕಂಡಿದ್ದು ಮೋಸಗಾರರ ಸಾಲಲ್ಲ. ಕೆಲಸ ಹೋದವರು, ಕಾಯಿಲೆ ಬಿದ್ದವರು, ಡೈವೋರ್ಸ್ ಆದವರು. ನಮ್ಮ ನಿಮ್ಮಂಥ ಸಂಬಳದವರು.

ಮೋಸಗಾರರೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಎಲ್ಲರನ್ನೂ ಆ ಗುಂಪಿಗೆ ಸೇರಿಸಬೇಡಿ ಅಂತಿದ್ದೇನೆ.

2001ರಲ್ಲಿ ಇದೇ ಸರಣಿಯ ಇನ್ನೊಂದು ಅಧ್ಯಯನಕ್ಕೆ ದುಡ್ಡು ಕೊಟ್ಟವರಲ್ಲಿ ಆರೋಗ್ಯಕ್ಕೆ ಹಣ ಕೊಡುವ ರಾಬರ್ಟ್ ವುಡ್ ಜಾನ್ಸನ್ ಫೌಂಡೇಶನ್ ಕೂಡ ಇತ್ತು. ದಿವಾಳಿಗೂ ಆಸ್ಪತ್ರೆಗೂ ಏನು ಸಂಬಂಧ? ಐದು ಫೆಡರಲ್ ಕೋರ್ಟುಗಳ 1,771 ಅರ್ಜಿದಾರರನ್ನು ಕೇಳಿದಾಗ ಹೆಚ್ಚುಕಡಿಮೆ ಅರ್ಧ ಜನ ಕಾಯಿಲೆಯ ಕಾರಣ ಹೇಳಿದರು. ಕಾಯಿಲೆಯಿಂದ ಮುಳುಗಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಾಯಿಲೆ ಶುರುವಾದಾಗ ವಿಮೆ ಇತ್ತು! ಈ ಅರ್ಧ ಅನ್ನೋ ಲೆಕ್ಕ ಜಾಸ್ತಿಯಾಯಿತು ಅಂತ ತಕರಾರು ತೆಗೆದವರೂ ಇದ್ದಾರೆ. ತೆಗೆಯಲಿ. ಜಗಳವಾಡಲು ಈಗ ಕೈಯಲ್ಲಿ ಅಂಕಿ ಇದೆ, ಅಲ್ವಾ? ಇಂಥ ಕೆಲಸಕ್ಕೂ ದುಡ್ಡು ಕೊಡುವ ಒಂದು ನಿಧಿಯನ್ನು ಅಲ್ಲಿನ ದಿವಾಳಿ ನ್ಯಾಯಾಧೀಶರ ಸಂಘ ಕಟ್ಟಿಕೊಂಡಿದೆ. ತಮ್ಮ ಮುಂದೆ ದಿನಾ ನಿಲ್ಲುವವರು ಯಾರು ಅಂತ ಅವರಿಗೂ ತಿಳಿಯಬೇಕಲ್ಲ.

ಒಂದು ಮಾತು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ಸಿಗದಿದ್ದರೆ ಶಿಕ್ಷಣ ಸಾಲ ಮಾಡಿ ಓದುತ್ತೇನೆ, ತೀರಿಸಲಾಗದಿದ್ದರೆ ನಾನೇ ದಿವಾಳಿ ಅರ್ಜಿ ಹಾಕಿದರಾಯಿತು ಅಂತ ಲೆಕ್ಕ ಹಾಕಬೇಡಿ. ನಮ್ಮ 2016ರ ದಿವಾಳಿ ಸಂಹಿತೆಯ 79ನೇ ಸೆಕ್ಷನ್ ತೆರೆದು ನೋಡಿ. ದಿವಾಳಿಯಿಂದ ಕಳಚದ ಸಾಲಗಳ ಪಟ್ಟಿ ಅಲ್ಲಿದೆ. ಕೋರ್ಟ್ ಹಾಕಿದ ದಂಡ, ಹೆಂಡತಿ ಮಕ್ಕಳ ಜೀವನಾಂಶ, ಅವುಗಳ ಪಕ್ಕದಲ್ಲೇ ವಿದ್ಯಾರ್ಥಿ ಸಾಲ. ಅಮೆರಿಕದಲ್ಲೂ ಅದನ್ನು ಕಳಚಿಕೊಳ್ಳಲು ಬಲು ಕಷ್ಟ.

ನೆಟ್ ಅರ್ಜಿಯ ಕೊನೆ ದಿನ ನೋಡಿಕೊಳ್ಳಿ.