ಅಮ್ಮನ ರೇಡಿಯೊಗೆ ನಮ್ಮನೆ ಎಫ್‌ಎಂ

ಅಡುಗೆಮನೆಯಲ್ಲಿರುವ ಅಮ್ಮನ ಹಳೇ ರೇಡಿಯೊಗೆ ಬ್ಲೂಟೂತ್ ಇಲ್ಲ, ಪಿನ್ ಚುಚ್ಚಲು ತೂತೂ ಇಲ್ಲ. ನನ್ನ ಲ್ಯಾಪ್‌ಟಾಪಿನ ಸಂಗೀತ ಕಚೇರಿಗಳನ್ನು ಅದರಲ್ಲಿ ಕೇಳಿಸಲು, ಕಾರಿನಲ್ಲಿ ಬಳಸುವಂಥ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ತಂದೆ. ಮೊದಲ ದಿನ ಬರೀ ಗುಂಯ್ ಸದ್ದು. ನೋಡಿದವರೆಲ್ಲ ಹೇಳಿದ್ದು ಒಂದೇ: "ಪವರ್ ಸಾಲದು, ಉದ್ದ ವೈರ್ ಕಟ್ಟು."

ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಪವರ್ ಜಾಸ್ತಿ ಮಾಡಿದರೆ ಅಲೆ ದೂರ ಹೋಗುತ್ತದೆ, ಕೊಳಕು ಸದ್ದನ್ನೂ ಹೊತ್ತುಕೊಂಡೇ ಹೋಗುತ್ತದೆ. ಪರವಾನಗಿ ಇಲ್ಲದೆ ಬೀದಿಗೆಲ್ಲ ಪ್ರಸಾರ ಮಾಡುವುದು ಅಪರಾಧ ಬೇರೆ. ಎಫ್‌ಎಂ ಡಯಲಿನ ಕೊನೆ, ಅಂದರೆ 108 ಮೆಗಾಹರ್ಟ್ಸ್, ದಾಟಿದರೆ ವಿಮಾನಗಳ ರೇಡಿಯೊ ಶುರು. ಅಲ್ಲಿ ಆಟ ಆಡಬಾರದು.

ಎಫ್‌ಎಂ ಸ್ವಚ್ಛವಾಗಿ ಕೇಳಿಸುವುದರ ಗುಟ್ಟೇ ಬೇರೆ. ವೀಣೆಯ ಗಮಕ ನೆನಪಿಸಿಕೊಳ್ಳಿ. ತಂತಿ ಎಳೆದಾಗ ಸ್ವರ ಮೇಲೆ ಕೆಳಗೆ ಓಲಾಡುತ್ತದೆ. ಎಫ್‌ಎಂ ಅಲೆಯ ಆವರ್ತನವೂ ಹಾಗೇ ಓಲಾಡುತ್ತದೆ, 75 ಕಿಲೋಹರ್ಟ್ಸ್‌ವರೆಗೆ ಆಚೀಚೆ. ಹಾಡು ಅಡಗಿರುವುದು ಆ ಓಲಾಟದಲ್ಲಿ. ಮಿಕ್ಸಿಯ ಕಿಡಿ, ಸಿಡಿಲಿನ ಚಟಪಟ ಹೆಚ್ಚಾಗಿ ಕೆಡಿಸುವುದು ಅಲೆಯ ಎತ್ತರವನ್ನು. ಸೇರಿನಲ್ಲಿ ರಾಗಿ ಅಳೆಯುವವರು ಮೇಲೆ ಕೈಯಾಡಿಸಿ ಸಮ ಮಾಡುತ್ತಾರಲ್ಲ, ಹಾಗೆ ರೇಡಿಯೊ ಆ ಎತ್ತರವನ್ನು ಸವರಿ ಬಿಸಾಡುತ್ತದೆ. ಎಎಂನಲ್ಲಿ, ಅಂದರೆ ಹಳೇ ಮೀಡಿಯಂ ವೇವ್ ಪ್ರಸಾರದಲ್ಲಿ, ಹಾಡು ಇರುವುದೇ ಎತ್ತರದಲ್ಲಿ. ಸವರಿದರೆ ಹಾಡೂ ಹೋಯಿತು!

ಇದನ್ನು ಜನ ಸುಲಭಕ್ಕೆ ನಂಬಲಿಲ್ಲ. ಎಫ್‌ಎಂನಿಂದ ಲಾಭವಿಲ್ಲ ಎಂದು ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1922ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಓಲಾಟ ಕಿರಿದಾಗಿದ್ದರೆ ಅದು ನಿಜವೂ ಹೌದು. ಅಲ್ಲಿಯವರೇ ಆದ ಸಂಶೋಧಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅದನ್ನು ಅಗಲ ಮಾಡಿದರು. 1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳು ಸಭೆಯಲ್ಲಿ ಕೂತು, ಪಕ್ಕದ ಊರು ಯಾಂಕರ್ಸ್‌ನಲ್ಲಿ ಲೋಟಕ್ಕೆ ನೀರು ಸುರಿದ ಸದ್ದನ್ನು ಸ್ಪಷ್ಟವಾಗಿ ಕೇಳಿದರು. ಟ್ರಾನ್ಸ್‌ಮಿಟರ್ ಇದ್ದದ್ದು ಎಲ್ಲಿ ಗೊತ್ತಾ? ಆರ್ಮ್‌ಸ್ಟ್ರಾಂಗರ ಗೆಳೆಯನ ಮನೆಯಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸತೊಡಗಿದ್ದರು. 'ಆಕಾಶವಾಣಿ' ಅನ್ನುವ ಹೆಸರು ಬಂದದ್ದು ಅಲ್ಲಿಂದ. ಅದು ಎಫ್‌ಎಂ ಅಲ್ಲ ಬಿಡಿ.

ನಮ್ಮ ಗುಂಯ್‌ಗೆ ಬರೋಣ. ಅದು ಬರುತ್ತಿದ್ದುದು ಚಾರ್ಜರುಗಳ ದಾರಿಯಲ್ಲಿ. ಟ್ರಾನ್ಸ್‌ಮಿಟರನ್ನು ಗೋಡೆಯಿಂದ ಕಿತ್ತು ಪವರ್‌ಬ್ಯಾಂಕಿಗೆ ಸಿಕ್ಕಿಸಿದೆ, ಮಾಯ. ಅಲೆಯ ಮೇಲೆ ಬರುವ ಗದ್ದಲವನ್ನು ಎಫ್‌ಎಂ ಸವರುತ್ತದೆ ನಿಜ, ನಾವೇ ಹಾಡಿನ ಜೊತೆ ಕಳಿಸಿದ ಗದ್ದಲವನ್ನಲ್ಲ. ಆಮೇಲೆ 'ಸ', 'ಶ' ಬಂದಾಗೆಲ್ಲ ಸದ್ದು ಒಡೆಯುತ್ತಿತ್ತು. ಲ್ಯಾಪ್‌ಟಾಪಿನ ವಾಲ್ಯೂಮ್ ಪೂರ್ತಿ ಇಟ್ಟಿದ್ದೆ, ಓಲಾಟ ಮಿತಿ ಮೀರಿತ್ತು. ಅರ್ಧಕ್ಕೆ ಇಳಿಸಿ, ಬೇಕಾದ ಜೋರನ್ನು ರೇಡಿಯೊದಲ್ಲೇ ಕೊಟ್ಟೆ.

ಇನ್ನೊಂದು ಕಾಟ ಇತ್ತು. ನಾನು ಆರಿಸಿದ ಜಾಗದಲ್ಲಿ ದೂರದ ಯಾವುದೋ ಸ್ಟೇಷನ್ ಇತ್ತು. ರೇಡಿಯೊ ಒಂದು ಗೇಣು ಸರಿಸಿದರೆ ತೋಡಿ ರಾಗ, ಮತ್ತೊಂದು ಗೇಣು ಸರಿಸಿದರೆ ಹವಾಮಾನ ವರದಿ. ಎಎಂ ಆಗಿದ್ದರೆ ಎರಡೂ ಕಲಸಿಕೊಳ್ಳುತ್ತಿದ್ದವು. ಎಫ್‌ಎಂನಲ್ಲಿ ಸ್ವಲ್ಪ ಜೋರಾದದ್ದು ಇನ್ನೊಂದನ್ನು ನುಂಗಿಬಿಡುತ್ತದೆ. ಟ್ರಾನ್ಸ್‌ಮಿಟರ್ ಹಚ್ಚುವ ಮೊದಲು ಡಯಲ್ ತಿರುಗಿಸಿ, ಬರೀ ಸುಯ್ ಅನ್ನುವ ಜಾಗ ಹುಡುಕಬೇಕಿತ್ತು, ಅಷ್ಟೇ.

ಮೊನ್ನೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದಳು. ರೇಡಿಯೊದಲ್ಲಿ ಒಂದು ಚಟಪಟವೂ ಇಲ್ಲ. ಆ ಮಿಕ್ಸಿಯ ಅಬ್ಬರದಲ್ಲಿ ಕಚೇರಿ ಯಾರಿಗೂ ಕೇಳಿಸಲಿಲ್ಲ, ಅದು ಬೇರೆ ವಿಷಯ.