ಮೆನು ಬೇಡ, ಒಸಡಿನ ಬಣ್ಣ ಹೇಳಿ

ರಾತ್ರಿ ಹತ್ತೂಕಾಲಿಗೆ ಫೋನ್. "ಡಾಕ್ಟ್ರೇ, ಟೈಗರ್ ಬೆಳಿಗ್ಗೆಯಿಂದ ಏನೂ ತಿಂದಿಲ್ಲ." ಟೈಗರ್‌ಗೆ ಮೂರೂವರೆ ತಿಂಗಳು. ನಾನು ಬಾಯಿ ತೆರೆಯುವ ಮುಂಚೆಯೇ ಪಟ್ಟಿ ಶುರು. ಬೆಳಿಗ್ಗೆ ಡಾಗ್ ಫುಡ್ ಇಟ್ಟೆವು, ಮೂಸಿ ಹೋಯಿತು. ಆಮೇಲೆ ಹಾಲು, ಚಪಾತಿ. ಮಧ್ಯಾಹ್ನ ಮೊಸರನ್ನ. ಸಂಜೆ ಇವರು ಮಾರ್ಕೆಟ್‌ನಿಂದ ಕೋಳಿ ಲಿವರ್ ತಂದರು, ಬೇಯಿಸಿ ಹಾಕಿದೆ, ಅದನ್ನೂ ಮುಟ್ಟಲಿಲ್ಲ. ಪಕ್ಕದ ಮನೆಯ ಕಾಕು ಬಿಸ್ಕತ್ತು ಅದ್ದಿ ಕೊಡಿ ಅಂದರು. "ಇನ್ನೇನು ಕೊಡಲಿ ಡಾಕ್ಟ್ರೇ?"

"ಉಚ್ಚೆ ಎಷ್ಟು ಸಲ ಮಾಡಿದೆ?"

ಆ ಕಡೆ ಮೌನ. ಆಮೇಲೆ, "ಏ, ಇವತ್ತು ಇದನ್ನು ಕೆಳಗೆ ಕರ್ಕೊಂಡು ಹೋದವರು ಯಾರು?" ಎಂದು ಒಳಗೆ ಯಾರನ್ನೋ ಕೂಗುವ ದನಿ.

ಮುಂಬಯಿಯ ಪರೇಲ್‌ನ ವೆಟರ್ನರಿ ಕಾಲೇಜಿನಲ್ಲಿ ಓದುವಾಗ, ನಾಯಿ ಮಾತಾಡುವುದಿಲ್ಲ, ಅದೇ ನಮ್ಮ ಕೆಲಸದ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಮುಲುಂಡ್‌ನಲ್ಲಿ ಕ್ಲಿನಿಕ್ ತೆರೆದ ಮೇಲೆ ಗೊತ್ತಾಯಿತು, ಮಾತಾಡುವವರ ಕಷ್ಟವೇ ಜಾಸ್ತಿ. ಊಟ ಬಿಟ್ಟಿದ್ದೇ ಕಾಯಿಲೆ ಎಂದು ನಮ್ಮ ಜನರ ಲೆಕ್ಕ. ಊಟ ಹೊಟ್ಟೆಗೆ ಇಳಿದರೆ ಕಾಯಿಲೆಯೂ ಇಳಿಯಿತು ಎಂಬುದು ಅದರ ಮುಂದಿನ ಲೆಕ್ಕ. ಅದಕ್ಕೇ ಮೆನು ಬದಲಿಸುತ್ತಾರೆ. ಅದೂ ನಡೆಯದಿದ್ದರೆ ಸಿರಿಂಜ್‌ನಲ್ಲಿ ಗಂಜಿ ತುಂಬಿ, ದವಡೆ ಹಿಡಿದು, ಬಾಯಿಗೆ ಸುರಿಯುತ್ತಾರೆ. ಈ ಸಿರಿಂಜ್ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸುರಿಯುವ ಕೈ ಪ್ರೀತಿಯದು ಅಂತ ಗೊತ್ತು, ಆದರೂ ಬರುತ್ತದೆ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ಎಳೆಯ ಮರಿ ಇದ್ದಕ್ಕಿದ್ದಂತೆ ಊಟ ಬಿಟ್ಟರೆ ನನ್ನ ತಲೆಗೆ ಮೊದಲು ಬರುವುದು ಪಾರ್ವೋ. 1978ರ ಸುಮಾರಿಗೆ ಕಾಣಿಸಿಕೊಂಡು ಜಗತ್ತೆಲ್ಲ ಹರಡಿದ ವೈರಸ್ ಇದು. ಕರುಳಿನ ಒಳಪದರ ದಿನವೂ ಹೊಸದಾಗಿ ಹುಟ್ಟುತ್ತಿರುತ್ತದಲ್ಲ, ಆ ಹುಟ್ಟುವ ಜಾಗಕ್ಕೇ ಇದು ಏಟು ಹಾಕುತ್ತದೆ. ಹಳೆಯ ಪದರ ಉದುರುತ್ತದೆ, ಹೊಸದು ಬರುವುದಿಲ್ಲ. ಮರಿ ಮೊದಲು ಮಂಕಾಗುತ್ತದೆ, ಊಟ ಬಿಡುತ್ತದೆ. ವಾಂತಿ, ರಕ್ತದ ಭೇದಿ ಕಾಣಿಸುವುದು ಸಾಮಾನ್ಯವಾಗಿ ಆಮೇಲೆ, ಒಂದೆರಡು ದಿನದಲ್ಲಿ. ಇಂಥ ಕರುಳಿಗೆ ನೀವು ಗಂಜಿ ಸುರಿದರೆ ಅದು ವಾಪಸ್ ಬರುತ್ತದೆ. ನಿತ್ರಾಣವಾದ ಮರಿ ವಾಂತಿ ಮಾಡುವಾಗ ಸ್ವಲ್ಪ ಶ್ವಾಸಕೋಶಕ್ಕೂ ಇಳಿಯಬಹುದು. ಈಗ ಕರುಳಿನ ಜೊತೆ ನ್ಯುಮೋನಿಯಾ ಬೇರೆ. ನಾಯಿ ನುಂಗಿದ ಮಾವಿನ ಗೊರಟೆ ಕರುಳಲ್ಲಿ ಸಿಕ್ಕಿಕೊಂಡಿದ್ದರೂ ಇದೇ ಕತೆ. ಮೇ ತಿಂಗಳಲ್ಲಿ ಅಂಥವು ತಪ್ಪದೇ ಬರುತ್ತವೆ. ದಾರಿ ಕಟ್ಟಿರುವಾಗ ಮೇಲಿಂದ ತುಂಬಿಸಿದರೆ ಹೋಗುವುದೆಲ್ಲಿಗೆ?

"ಆದರೆ ಡಾಕ್ಟ್ರೇ, ಆಸ್ಪತ್ರೆಯಲ್ಲಿ ನೀವೂ ಬೇಗ ಊಟ ಶುರು ಮಾಡ್ತೀರಲ್ಲ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಹೌದು, ಪಾರ್ವೋದಲ್ಲೂ ದಿನಗಟ್ಟಲೆ ಉಪವಾಸ ಕೆಡವುವ ಪದ್ಧತಿ ಈಗ ಹೋಗಿದೆ. ಆದರೆ ನಾವು ವಾಂತಿಗೆ ಔಷಧ ಕೊಟ್ಟು, ಸಲೈನ್ ಏರಿಸಿ, ಬೇಕಾದರೆ ಮೂಗಿನಿಂದ ಸಣ್ಣ ನಳಿಕೆ ಇಳಿಸಿ, ಚಮಚದ ಲೆಕ್ಕದಲ್ಲಿ ಕೊಡುತ್ತೇವೆ. ಅದಕ್ಕೂ ಸೋಫಾ ಮೇಲೆ ಇಬ್ಬರು ಹಿಡಿದುಕೊಂಡು ಸುರಿಯುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಹಸಿವಿನ ಟಾನಿಕ್ ಬರೆದುಕೊಡಿ ಅನ್ನುವವರಿಗೂ ಇದೇ ಉತ್ತರ. ಮೊದಲು ಕಾರಣ ಸಿಗಲಿ.

ಎಲ್ಲ ಊಟ ಬಿಟ್ಟ ನಾಯಿಯೂ ಸಾಯುತ್ತಿದೆ ಅಂತಲ್ಲ. ಹಲ್ಲು ಬದಲಾಗುವ ನಾಲ್ಕರಿಂದ ಏಳು ತಿಂಗಳ ನಡುವೆ ಗಟ್ಟಿ ತಿನಿಸಿಗೆ ಮುಖ ತಿರುಗಿಸುವುದು ಸಹಜ. ಅಕ್ಟೋಬರ್‌ನ ಬೆವರು ಸೆಕೆಯಲ್ಲಿ ಕೆಲವು ಕಡಿಮೆ ತಿನ್ನುತ್ತವೆ. ಬಿಲ್ಡಿಂಗ್‌ನಲ್ಲಿ ಯಾವುದೋ ಹೆಣ್ಣು ನಾಯಿ ಬೆದೆಗೆ ಬಂದರೆ ಮೂರನೇ ಮಹಡಿಯ ಗಂಡು ನಾಯಿ ಬಾಗಿಲ ಹತ್ತಿರ ಕೂತು ಉಸಿರು ಬಿಡುತ್ತಿರುತ್ತದೆ, ತಟ್ಟೆ ಕಡೆ ನೋಡುವುದಿಲ್ಲ. ಒಂದು ಲ್ಯಾಬ್ರಡಾರ್ ಬಂದಿತ್ತು, ಹತ್ತು ತಿಂಗಳಿದ್ದು, ಮೂರು ದಿನದಿಂದ ಊಟ ಇಲ್ಲವಂತೆ. ಲ್ಯಾಬ್ರಡಾರ್ ಊಟ ಬಿಟ್ಟಿತು ಅಂದರೆ ನನಗೆ ಎದೆ ಧಸಕ್ಕೆನ್ನುತ್ತದೆ, ಅದು ಚಪ್ಪಲಿ ಕೂಡ ಬಿಡದ ಜಾತಿ. ಎಲ್ಲ ಪರೀಕ್ಷೆ ಮಾಡಿದೆ. ಜ್ವರ ಇಲ್ಲ, ಒಸಡು ಚೆನ್ನಾಗಿದೆ, ಬಾಲ ಮೇಜಿಗೆ ಬಡಿಯುತ್ತಿದೆ, ತೂಕ ಮುನ್ನೂರು ಗ್ರಾಂ ಜಾಸ್ತಿ! ವಿಚಾರಿಸಿದರೆ, ಹೊಸ ವಾಚ್‌ಮನ್ ದಿನಾ ಸಂಜೆ ವಡಾಪಾವ್ ಹಂಚಿಕೊಳ್ಳುತ್ತಿದ್ದ. ಒಂದಲ್ಲ, ಎರಡು.

ಹಾಗಾದರೆ ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು? ನಾನು ಫೋನ್‌ನಲ್ಲಿ ಕೇಳುವುದನ್ನೇ ನೀವು ಮೊದಲು ನೋಡಿಟ್ಟುಕೊಳ್ಳಿ. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳುಪಾಗಿ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಕಪ್ಪಿರುವ ನಾಯಿಗೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಭಾಗ ನೋಡಿ. ಮೂಗು ಬಿಸಿಯೋ ತಣ್ಣಗೋ ಅಂತ ನನಗೆ ಹೇಳಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಥರ್ಮಾಮೀಟರ್ ಹಿಂದಿನಿಂದ ಇಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು, ಅದನ್ನು ಜ್ವರ ಅಂದುಕೊಂಡು ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಟ್ಟು ಬಂದವರಿದ್ದಾರೆ. ದಯವಿಟ್ಟು ಬೇಡ. ನೀರು ಕುಡಿದಿದೆಯಾ, ಕುಡಿದದ್ದು ಒಳಗೆ ನಿಂತಿದೆಯಾ, ಉಚ್ಚೆಯ ಬಣ್ಣ ಏನು, ಕಕ್ಕ ಹೇಗಿದೆ? ಫೋಟೋ ತಂದರೆ ನಾನು ಮುಖ ಸಿಂಡರಿಸುವುದಿಲ್ಲ.

ಒಸಡು ಬಿಳಿಚಿದ್ದರೆ, ಕಿವಿಯ ಮಡಿಕೆಯಲ್ಲೋ ಬೆರಳ ಸಂದಿಯಲ್ಲೋ ಉಣ್ಣಿ ಇದ್ದರೆ, ಉಣ್ಣಿ ಜ್ವರವೇನೋ ಎಂದು ಅನುಮಾನಿಸಿ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಕಣ್ಣು ಹಳದಿ, ಉಚ್ಚೆ ಕಡು ಬಣ್ಣ, ಮಳೆಗಾಲದಲ್ಲಿ ನಿಂತ ನೀರಲ್ಲಿ ಆಡಿದ ನಾಯಿ ಅಂದರೆ ಲೆಪ್ಟೋ, ಅಂದರೆ ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್) ಇರಬಹುದು. 2005ರ ಜುಲೈ ನೆರೆ ಕಂಡ ಮುಂಬಯಿಯವರಿಗೆ ಈ ಹೆಸರು ಹೇಳಿಕೊಡಬೇಕಾಗಿಲ್ಲ. ಅದು ಮನುಷ್ಯರಿಗೂ ಅಂಟುತ್ತದೆ, ಹಾಗಾಗಿ ಉಚ್ಚೆ ಒರೆಸುವಾಗ ಗ್ಲೌಸ್ ಹಾಕಿ.

ದೊಡ್ಡ ನಾಯಿ, ಚುರುಕಾಗಿದೆ, ನೀರು ಕುಡಿಯುತ್ತಿದೆ, ವಾಂತಿ ಭೇದಿ ಇಲ್ಲ ಎಂದರೆ ಒಂದು ದಿನ ಕಾದು ನೋಡಬಹುದು. ನಾಲ್ಕೈದು ತಿಂಗಳೊಳಗಿನ ಮರಿಗೆ ಆ ರಿಯಾಯಿತಿ ಇಲ್ಲ. ಅದರಲ್ಲೂ ಪುಟಾಣಿ ಜಾತಿಗಳಲ್ಲಿ ಸಕ್ಕರೆ ಅಂಶ ಬೇಗ ಇಳಿಯುತ್ತದೆ. ಎರಡು ಊಟ ತಪ್ಪಿತು ಎಂದರೆ ಬನ್ನಿ. ಮಂಕಾಗಿದ್ದರೆ, ವಾಂತಿ ಇದ್ದರೆ, ಒಂದು ತಪ್ಪಿದರೂ ಸಾಕು. ಇಷ್ಟೆಲ್ಲ ಓದಿ ಮನೆಯಲ್ಲೇ ತೀರ್ಪು ಕೊಡಬೇಡಿ, ಕೈಯಿಟ್ಟು ನೋಡದೆ ನಾನೂ ಕೊಡುವುದಿಲ್ಲ.

"ಇಂಜೆಕ್ಷನ್ ಎಲ್ಲ ಆಗಿದೆ" ಎನ್ನುವವರ ಪುಸ್ತಕ ತೆರೆದರೆ ಒಂದೇ ಸ್ಟಿಕ್ಕರ್ ಇರುತ್ತದೆ. ತಾಯಿಯಿಂದ ಬಂದ ರಕ್ಷಣೆ ಮೊದಲ ಲಸಿಕೆಗಳನ್ನು ನಾಟಲು ಬಿಡದಿರಬಹುದು. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಕೊಡುವುದು. ಟೈಗರ್‌ಗೂ ಒಂದೇ ಆಗಿತ್ತು. ಆ ರಾತ್ರಿಯೇ ಕರೆಸಿದೆ, ಪರೀಕ್ಷೆಯಲ್ಲಿ ಪಾರ್ವೋ ಅಂತ ಬಂತು. ಐದು ದಿನ ಸಲೈನ್. ಆರನೇ ದಿನ ನನ್ನ ಅಸಿಸ್ಟೆಂಟ್‌ನ ಟಿಫಿನ್ ಡಬ್ಬಿ ಎಳೆಯಲು ನೋಡಿತು.

ಇಂಥ ಮರಿ ತರುವಾಗ ಕ್ಲಿನಿಕ್ ನೆಲದ ಮೇಲೆ ಬಿಡಬೇಡಿ. ರಿಕ್ಷಾದಲ್ಲೇ ಕೂತು ಫೋನ್ ಮಾಡಿ, ನಾವೇ ಹೊರಗೆ ಬರುತ್ತೇವೆ. ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ, ಫಿನೈಲ್‌ಗೆ ಜಗ್ಗುವುದಿಲ್ಲ, ಬ್ಲೀಚ್ ಬೇಕು. ಟವೆಲಿನಲ್ಲಿ ಸುತ್ತಿ ತನ್ನಿ, ಲಸಿಕೆ ಪುಸ್ತಕ ತನ್ನಿ. ಮೊಸರನ್ನದ ಡಬ್ಬಿ ಮನೆಯಲ್ಲೇ ಇರಲಿ.